ಕಂಪನಿಯದನ್ನೇ ಹಾಕಿಸಿದೆ

ಭೀಮರಾಯನಗುಡಿ
ಭಾನುವಾರ

ಪರಿಮಳಾ,

ಫೋನಿನಲ್ಲಾದರೆ ನೀನು ‘ಹೂಂ’ ಅಂದು ಇಟ್ಟುಬಿಡುತ್ತೀ. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನೆ ಗಾಡಿಯನ್ನು ಶಹಾಪುರದ ರೇವಣಸಿದ್ದನ ಗ್ಯಾರೇಜಿಗೆ ಒಯ್ದಿದ್ದೆ. ಮುಂದಿನ ಬ್ರೇಕ್ ಪ್ಯಾಡು ಪೂರ್ತಿ ಸವೆದಿತ್ತು. ಅವನು ಎರಡು ಜೊತೆ ತಂದು ಮುಂದಿಟ್ಟ. ಒಂದು ಕಂಪನಿಯದು, ಇನ್ನೊಂದು ಲೋಕಲ್. ಹೋದ ಸಲ ಹಾಕಿಸಿದ್ದು ಲೋಕಲ್ಲೇ. ಕೈ ರೂಢಿಯಂತೆ ಆ ಕಡೆಗೇ ಹೋಯಿತು.

“ಸರ್, ಒಬ್ಬರ ಅಡ್ಡಾಡ್ತೀರೇನ್ರಿ, ಹಿಂದ ಯಾರರ ಕುಂದರ್ತಾರ?” ಎಂದು ಕೇಳಿದ. “ಒಬ್ಬರಿಗಾದ್ರ ಇದು ನಡೀತದ. ಡಬಲ್ ಇದ್ರ ಕಂಪನೀದ ಹಾಕಸ್ರಿ.”

ನೀನು ಸುರಪುರದ ತವರಿಗೆ ಹೋಗಿ ನಾಲ್ಕು ತಿಂಗಳಾಯಿತು. ಒಂದು ಸಲ ಗ್ಯಾಸ್ ಸಿಲಿಂಡರ್ ತಂದದ್ದು ಬಿಟ್ಟರೆ ಹಿಂದಿನ ಸೀಟಿನ ಮೇಲೆ ಯಾರೂ ಕೂತಿಲ್ಲ. ಆದರೂ “ಕುಂದರ್ತಾರ” ಎಂದೆ. ಕಂಪನಿಯದನ್ನೇ ಹಾಕಿದ.

ಹೊಸ ಪ್ಯಾಡು ಹೊಂದಿಕೊಳ್ಳುವ ತನಕ, ಮುನ್ನೂರು ಕಿಲೋಮೀಟರು, ಜೋರಾಗಿ ಬ್ರೇಕ್ ಹಿಡಿಯಬಾರದಂತೆ. ಈ ವಾರ ದಿನಾ ಕಚೇರಿ ಬಿಟ್ಟ ಮೇಲೆ ಯಾದಗಿರಿಯ ತನಕ ಸುಮ್ಮನೆ ಹೋಗಿ ಬರುತ್ತೇನೆ. ಮನೆಯಲ್ಲಿ ಮಾಡುವುದಾದರೂ ಏನಿದೆ.

ಬರುವ ಭಾನುವಾರ ಹತ್ತು ಗಂಟೆಗೆ ಸುರಪುರದ ಬಸ್ ನಿಲ್ದಾಣದ ಎದುರು ನಿಂತಿರುತ್ತೇನೆ. ನಿನ್ನ ಹೆಲ್ಮೆಟ್ಟನ್ನೂ ತರುತ್ತೇನೆ. ಬರಲೇಬೇಕೆಂದೇನಿಲ್ಲ.

ಆವತ್ತು ಕಾಲುವೆಯ ಹತ್ತಿರ ಬ್ರೇಕ್ ಹಿಡಿಯದೆ ಇಬ್ಬರೂ ಬಿದ್ದಾಗ ನಾನು ಮೊದಲು ಎತ್ತಿದ್ದು ಗಾಡಿಯನ್ನು. ನೀನು ನೆಲದ ಮೇಲೆ ಕೂತು ಅದನ್ನು ನೋಡುತ್ತಿದ್ದೆ.

ನಿನ್ನ ಮೊಣಕಾಲು ಹೇಗಿದೆ? ಇದನ್ನು ಆವತ್ತೇ ಕೇಳಬೇಕಿತ್ತು.

ಶ್ರೀಮಂತ