ಆಚೆ ದಡದ ಅರಸನ ಮಾತು

ಜೂನ್ 2, 2009. ಮಂಗಳವಾರ

ಬೆಳಿಗ್ಗೆಯಿಂದ ಪ್ಯಾಂಟುಗಳೇ. ಜುಲೈನ ಸ್ವಾತಂತ್ರ್ಯ ದಿನದ ಪೆರೇಡಿಗೆ ಶಾಲೆಯ ಮಕ್ಕಳಿಗೆ ಹದಿನಾಲ್ಕು ಬೇಕು. ಆರು ಮುಗಿದವು. ಹೊಲಿಗೆ ಯಂತ್ರದ ಪೆಡಲ್ ಜೂನಿನ ಬೆಟ್ಟದ ಚಳಿಗೆ ಬಿಗಿದುಕೊಂಡಿತ್ತು, ಎಣ್ಣೆ ಬಿಟ್ಟೆ. ಸಲೀಸಾಗಿ ಓಡತೊಡಗಿತು. ಓಡಿದ ಕೂಡಲೇ ಬಾಯಿಗೆ ಹಳೆಯ ಪದ್ಯ ಬಂತು, ಮೆಲಿತೋನ್ ತಿದ್ದಲು ಶುರು ಮಾಡಿದ.

"ನಾಳೆ ಅಲ್ಲ ಕಣೋ, ನಸುಕಿಗೆ. ಎಷ್ಟು ವರ್ಷ ಹೇಳ್ಕೊಡ್ಲಿ ನಿಂಗೆ?"

ತಲೆ ಎತ್ತಲಿಲ್ಲ. ಎತ್ತಿದರೆ ಇರುವುದಿಲ್ಲ. ಪೆಡಲ್ ನಿಲ್ಲಿಸಿದೆ. ನಿಲ್ಲಿಸಿದರೂ ಅವನು ಒಂದು ಸಾಲು ಮುಂದೆ ಹೋಗಿರುತ್ತಾನೆ... ಪದ್ಯದ ಲಯ, ಪೆಡಲಿನ ಲಯ ಎರಡೂ ಒಂದೇ. ಅದೇ ತೊಂದರೆ.

ಸಿಪಾಯಿಗಳು ಅವನನ್ನು ಕರೆದುಕೊಂಡು ಹೋಗಿ ಇಪ್ಪತ್ತೈದು ವರ್ಷ. ಈಗಲೂ ನನ್ನನ್ನು ತಿದ್ದುತ್ತಾನೆ.

ಎಫ್ರಾಸಿಯಾ ಆಲೂಗಡ್ಡೆ ಸೂಪು ತಂದಿಟ್ಟಳು. "ಯಾರ ಹತ್ರ ಮಾತು?"

"ದಾರದ ಹತ್ರ."

ಹೆಂಡತಿಗೆ ಗೊತ್ತು. ಚಮಚ ಕೈಗಿಟ್ಟಳು.

ಜೂನ್ 5. ಸಂಜೆ

ನೆಲಿದಾ ಬಂದಿದ್ದಳು. ಮೆಲಿತೋನನ ಮಗಳು. ಅವನು ಹೋದಾಗ ಮೂರು ವರ್ಷ. ಈಗ ನಮ್ಮೂರ ಶಾಲೆಯಲ್ಲಿ ಟೀಚರ್. ಪ್ಯಾಂಟಿನ ವಿಚಾರ ಎಂದುಕೊಂಡೆ. ಅಲ್ಲ.

"ಮಾಮ, ಅಪ್ಪ ಸಿಕ್ಕಿದ್ರು."

ಹೋದ ವರ್ಷ ಹಳೆಯ ಸೇನಾ ಠಾಣೆಯ ಹಿಂದಿನ ಗುಂಡಿ ಅಗೆದರಲ್ಲ, ಹನ್ನೊಂದು ಜನ ಇದ್ದರು. ಇವಳ ರಕ್ತ ತೆಗೆದುಕೊಂಡು ಹೋಗಿದ್ದರು. ಒಬ್ಬರ ಎಲುಬಿಗೆ ತಾಳೆಯಾಗಿದೆ. ಪ್ಯಾಂಟಿನ ಪಟ್ಟಿಯ ಹತ್ತಿರ ಹಸಿರು ದಾರದ ಹೊಲಿಗೆ ಇತ್ತಂತೆ, ಅದೂ ಇನ್ನೂ ಬಿಟ್ಟಿರಲಿಲ್ಲವಂತೆ. ಕಪ್ಪು ದಾರ ಮುಗಿದಿತ್ತು ಅವತ್ತು. ನಾನೇ ಹಾಕಿದ್ದು.

ಆಗಸ್ಟಿನಲ್ಲಿ ಪೆಟ್ಟಿಗೆ ಕೊಡುತ್ತಾರೆ. ಊರಲ್ಲಿ ಮಣ್ಣು ಮಾಡುತ್ತಾರೆ. ಅವತ್ತು ಚೌಕದಲ್ಲಿ ಸೇತುವೆಯ ಕಾವ್ಯ, ನಮ್ಮ ಹಳೆಯ ಹಬ್ಬದ ಆಟ, ಆಡಬೇಕು ಎನ್ನುತ್ತಾಳೆ. ಇಪ್ಪತ್ತೈದು ವರ್ಷದಿಂದ ಯಾರೂ ಆಡಿಲ್ಲ. ಪುಸ್ತಕವನ್ನೂ ಸಿಪಾಯಿಗಳು ಒಯ್ದರು. ನೆಲಿದಾ ಒಬ್ಬೊಬ್ಬ ಮುದುಕರ ಹತ್ತಿರ ಕೂತು ಒಂದೊಂದು ಸಾಲು ಬರೆದುಕೊಂಡಿದ್ದಾಳೆ. ಸೈನಿಕರದ್ದು ಸಿಕ್ಕಿದೆ, ದೂತನದ್ದು ಸಿಕ್ಕಿದೆ. ಅರಸನದ್ದು, ಮೆಲಿತೋನ್ ಹೇಳುತ್ತಿದ್ದದ್ದು, ಯಾರಿಗೂ ಬರುವುದಿಲ್ಲ.

"ನಿಮಗೆ ಬರುತ್ತಲ್ವಾ ಮಾಮ? ಹನ್ನೊಂದು ವರ್ಷ ಕಪ್ತಾನ ಆಗಿ ಅಪ್ಪನ ಎದುರಿಗೆ ನಿಂತವರು ನೀವೇ."

"ಮರ್ತುಹೋಗಿದೆ ಮಗಾ," ಎಂದೆ.

ಸುಳ್ಳು. ಅವಳು ಬಾಗಿಲು ದಾಟುವ ಮೊದಲೇ ಅವನು ಬೆನ್ನ ಹಿಂದೆ ನಕ್ಕ.

ಜೂನ್ 29

ಬರೆಯಲಿಲ್ಲ ಇಷ್ಟು ದಿನ. ಬರೆಯುವಂಥದ್ದೇನೂ ಇರಲಿಲ್ಲ... ಪ್ಯಾಂಟು ಮುಗಿದವು.

ಇವತ್ತು ದೊಮಿತಿಲಾ ಬಂದಳು. ಮೆಲಿತೋನನ ಹೆಂಡತಿ. ಇಷ್ಟು ವರ್ಷದಲ್ಲಿ ನನ್ನ ಅಂಗಡಿಯ ಮೆಟ್ಟಿಲು ಹತ್ತಿದವಳಲ್ಲ. ಬಟ್ಟೆ ಹೊಲಿಸಲು ನದಿಯಾಚೆಯ ಊರಿಗೆ ಹೋಗುತ್ತಿದ್ದಳು. ದಾರಿಯಲ್ಲಿ ಸಿಕ್ಕರೆ "ಕಪ್ತಾನ" ಎಂದು ತಲೆಯಾಡಿಸಿ ಹೋಗುವಳು. ಅಷ್ಟೇ.

ಕಂಬಳಿ ಗಂಟು ಬಿಚ್ಚಿದಳು. ಕಪ್ಪು ಉಣ್ಣೆಯ ಬಟ್ಟೆ, ಬಿಳಿ ಹತ್ತಿ ಬಟ್ಟೆ. ಹೊಸದು.

"ಒಂದು ಪ್ಯಾಂಟು, ಒಂದು ಶರ್ಟು. ಪೆಟ್ಟಿಗೆ ಒಳಗೆ ಹಾಕೋಕೆ."

"ಅಳತೆ, ಅತ್ಗೆ?" ಬಾಯಿತಪ್ಪಿ ಕೇಳಿಬಿಟ್ಟೆ.

"ನಿನ್ನ ಪುಸ್ತಕದಲ್ಲಿ ಇರಬೇಕಲ್ಲ. ಸತ್ತೋರು ದಪ್ಪ ಆಗಲ್ಲ, ಕಪ್ತಾನ."

ಇದೆ. 84ರ ಅಳತೆ ಪುಸ್ತಕ. ಎದೆ 92, ಸೊಂಟ 78. ಬಲಗೈಗಿಂತ ಎಡಗೈ ಒಂದು ಸೆಂಟಿಮೀಟರು ಉದ್ದ. ಪಕ್ಕದಲ್ಲಿ ನನ್ನದೇ ಅಕ್ಷರ: "ಜಗಳಗಂಟ. ಕಾಲರ್ ಸಡಿಲ ಇರಲಿ."

ಹೋಗುವಾಗ ತಿರುಗದೆ ಹೇಳಿದಳು. "ಪದ್ಯ ಮರ್ತಿದೀಯಂತೆ."

ಬಟ್ಟೆ ಮಡಿಚಿಟ್ಟೆ.

"ಮರೀಬೇಡ. ಇದೊಂದು ಮಾತ್ರ ಮರೀಬೇಡ ನೀನು."

ಜುಲೈ 9. ಬೆಳಗಿನ ಐದು ಗಂಟೆ

ಬರೆದುಬಿಡುತ್ತೇನೆ. ಇದುವರೆಗೆ ಎಲ್ಲೂ ಬರೆದಿಲ್ಲ.

ಕಾವ್ಯದಲ್ಲಿ ಕಪ್ತಾನ ಏಳು ಜನರನ್ನು ಇಟ್ಟುಕೊಂಡು ಸೇತುವೆ ಕಾಯುತ್ತಾನೆ. ಆಚೆ ದಡದ ಅರಸ ಒಬ್ಬನೇ ಸೇತುವೆಯ ಮೇಲೆ ಬಂದು ಕೇಳುತ್ತಾನೆ: "ನಿಮ್ಮಲ್ಲಿ ಕಪ್ತಾನ ಯಾರು?" ಕಪ್ತಾನ ಮುಂದೆ ಬರುತ್ತಾನೆ. ಹನ್ನೊಂದು ವರ್ಷ ಮೆಲಿತೋನ್ ಕೇಳಿದ, ಹನ್ನೊಂದು ವರ್ಷ ನಾನು ಮುಂದೆ ಬಂದೆ. ಅವನ ಬಾಯಿ ಮುಚ್ಚುವ ಮೊದಲೇ ನನ್ನ ಕಾಲು ಎದ್ದಿರುತ್ತಿತ್ತು. ಊರು ಚಪ್ಪಾಳೆ ಹೊಡೆಯುತ್ತಿತ್ತು.

84ರ ಆಗಸ್ಟ್. ಎರಡು ವಾರದ ಹಿಂದೆ ಕೆಳಗಿನ ಕಣಿವೆಯ ಸೇತುವೆಯನ್ನು ಯಾರೋ ಬಂಡುಕೋರರು ಸಿಡಿಸಿದ್ದರು. ಸಿಪಾಯಿಗಳು ನಸುಕಿಗೇ ಬಂದು ಎಲ್ಲರನ್ನೂ ಚೌಕಕ್ಕೆ ಎಳೆತಂದರು. ಚರ್ಚಿನ ಪೆಟ್ಟಿಗೆಯಲ್ಲಿ ಪುಸ್ತಕ ಸಿಕ್ಕಿತು. ಅಧಿಕಾರಿ ಮೆಟ್ಟಿಲ ಮೇಲೆ ಕೂತು ಓದಿದ. "ನಸುಕಿಗೆ ಏಳು ಜನರೊಡನೆ ಸೇತುವೆ ಹಿಡಿ. ಒಬ್ಬನನ್ನೂ ದಾಟಗೊಡಬೇಡ." ಎರಡು ಸಲ ಓದಿದ. ಪುಸ್ತಕ ಮಡಿಚಿದ.

"ನಿಮ್ಮಲ್ಲಿ ಕಪ್ತಾನ ಯಾರು?"

ಅದೇ ಚೌಕ. ಅದೇ ಮಾತು.

ಕಾಲು ಏಳಲಿಲ್ಲ.

ಎಫ್ರಾಸಿಯಾ ನನ್ನ ಮಣಿಕಟ್ಟು ಹಿಡಿದಿದ್ದಳು. ಹೆಂಗಸಿನ ಹಿಡಿತ. ಬಿಡಿಸಿಕೊಳ್ಳಬಹುದಿತ್ತು. ಇನ್ನೂರು ಜನ ಇದ್ದರು, ಯಾರೊಬ್ಬರೂ ನನ್ನ ಕಡೆ ನೋಡಲಿಲ್ಲ. ನೋಡದೆ ಇರಲು ಅವರು ಪಟ್ಟ ಕಷ್ಟ ಈಗಲೂ ಕಣ್ಣಿಗೆ ಕಟ್ಟಿದೆ. ಮೆಲಿತೋನ್ ಟೋಪಿ ತೆಗೆದು ಮುಂದೆ ಹೋದ. ನಗುತ್ತಿದ್ದ. ಸ್ಪಾನಿಷ್ ಚೆನ್ನಾಗಿ ಬರುತ್ತಿದ್ದುದು ಅವನಿಗೆ ಮತ್ತು ನನಗೆ, ಇಬ್ಬರಿಗೂ ಪದ್ಯದಿಂದ ಬಂದದ್ದು. ಉಳಿದವರಿಗೆ ನಮ್ಮ ಬೆಟ್ಟದ ಭಾಷೆ ಕೆಚ್ವಾ ಒಂದೇ.

"ಸ್ವಾಮಿ, ಅದು ಪದ್ಯ. ನಮ್ಮ ಹಬ್ಬದ ಆಟ. ನಾನು ಅರಸ."

"ಕಪ್ತಾನ ಯಾರು ಅಂತ ಕೇಳಿದ್ದು."

"ಅವನು ಊರಲ್ಲಿಲ್ಲ ಸ್ವಾಮಿ. ಕುರಿ ಮಾರೋಕೆ ಕರಾವಳಿಗೆ ಹೋಗಿದಾನೆ."

ಅವನಿಂದ ಹತ್ತು ಹೆಜ್ಜೆ ದೂರದಲ್ಲಿದ್ದೆ.

"ಹಾಗಾದ್ರೆ ನೀನೇ ಬಾ. ಬಂದು ಪದ್ಯದ ಅರ್ಥ ಹೇಳು."

ಹೋದ. ಯಾರಾದರೂ ತಪ್ಪು ಓದಿದರೆ ಸುಮ್ಮನಿರುವ ಜಾಯಮಾನವೇ ಅವನದಲ್ಲ. ಅರ್ಥ ಹೇಳಿ ಸಂಜೆಗೆ ಬರುತ್ತೇನೆ ಎಂದೇ ಹೋದ. ನಾನು ಹಾಗೆಂದೇ ನಂಬಿದೆ. ಮಾರನೆಯ ದಿನವೂ ನಂಬಿದೆ.

ಆಮೇಲೂ ಊರು ನನ್ನನ್ನು ಕಪ್ತಾನ ಎಂದೇ ಕರೆಯಿತು. ಅಭ್ಯಾಸಬಲವೋ, ಚುಚ್ಚುವುದಕ್ಕೋ. ಕೇಳುವ ಧೈರ್ಯ ಆಗಿಲ್ಲ.

ಜುಲೈ 11

ಪ್ಯಾಂಟು ಕತ್ತರಿಸಿದೆ. ಮೊದಲು ಎರಡು ಸಲ ಅಳೆದೆ. ಎಫ್ರಾಸಿಯಾ ಮೆಕ್ಕೆಜೋಳ ಬಿಡಿಸುತ್ತಾ ಕೂತಿದ್ದಳು. ತಲೆ ಎತ್ತಿದಳು.

"ಹೇಳ್ಕೊಡು ಆ ಹುಡ್ಗಿಗೆ."

"ಯಾವ ಮುಖ ಇಟ್ಕೊಂಡು?"

"ಇರೋ ಮುಖ ಇಟ್ಕೊಂಡು. ಅವತ್ತು ನಿನ್ನ ಕೈ ಹಿಡ್ಕೊಂಡಿದ್ದು ನಾನು. ಅದನ್ನ ಒಂದು ದಿನಾನೂ ಬಾಯಿಬಿಟ್ಟು ಅಂದಿಲ್ಲ ನೀನು. ಬೈದಿದ್ರೆ ಚೆನ್ನಾಗಿತ್ತು."

"ನೀನು ಗಟ್ಟಿಯಾಗಿ ಹಿಡ್ಕೊಂಡಿರಲಿಲ್ಲ ಕಣೆ."

"ಗೊತ್ತು," ಎಂದಳು. ತೆನೆ ಕೆಳಗಿಟ್ಟಳು. "ಅದೇ ನನಗೂ ಸಂಕಟ."

ಇಪ್ಪತ್ತೈದು ವರ್ಷದಲ್ಲಿ ಇದೇ ಮೊದಲು. ಆಮೇಲೆ ಇಬ್ಬರೂ ಸೂಪು ಕುಡಿದೆವು.

ಜುಲೈ 20

ಸಂಜೆ ಶಾಲೆಗೆ ಹೋದೆ. ಮಕ್ಕಳು ಹೋಗಿದ್ದರು. ನೆಲಿದಾ ಸಣ್ಣ ಬೆಂಚಿನ ಮೇಲೆ ಕೂತಳು. ನಾನು ನಿಂತೇ ಹೇಳಿದೆ. ನಿಲ್ಲದೆ ಪದ್ಯ ಬಾಯಿಗೆ ಬರುವುದಿಲ್ಲ.

ನನ್ನ ಜನ ಬಾಯಾರಿದ್ದಾರೆ, ಸೇತುವೆ ಕಾಯುವವನೇ,
ನೀರೆಲ್ಲ ನಿನ್ನ ದಡದಲ್ಲಿ, ಕತ್ತಿಯೆಲ್ಲ ನನ್ನ ಕಡೆ.
ಎರಡನ್ನೂ ಕೆಳಗಿಟ್ಟರೆ ಉಳಿವವರು ಇಬ್ಬರು ಗಂಡಸರು,
ಒಬ್ಬನಿಗೆ ಭಯ, ಇನ್ನೊಬ್ಬನಿಗೂ ಭಯ, ಬೇರೇನು?
ನನ್ನನ್ನು ತಡೆ. ಹಿಂದಿರುವ ಹೆಂಗಸರನ್ನು ಬಿಡು.

ನಿಲ್ಲಿಸಿದೆ. ಹನ್ನೊಂದು ವರ್ಷ ಎದುರು ನಿಂತು ಈ ಮಾತು ಕೇಳಿದ್ದೇನೆ. ಕೇಳಿದ್ದೇನೆಯೇ? ನನ್ನ ಸರದಿ ಯಾವಾಗ ಎಂದು ಕಾದಿದ್ದೆ, ಅಷ್ಟೇ. ಶತ್ರುವಿನ ಮಾತು, ಮುಗಿದರೆ ಸಾಕು ಎಂದು. ಒಳ್ಳೆಯ ಮಾತನ್ನೆಲ್ಲ ಕವಿ ಅವನ ಬಾಯಿಗೇ ಇಟ್ಟಿದ್ದಾನೆ. ಕಪ್ತಾನನ ಪಾಲಿಗೆ ಕೂಗಾಟ.

ನೆಲಿದಾ ಪೆನ್ನು ಮುಟ್ಟಿರಲಿಲ್ಲ.

"ಬರ್ಕೊಳ್ಳಲ್ವಾ ಮಗಾ?"

"ಅಪ್ಪನ ದನಿ ಹೀಗೇ ಇತ್ತಾ ಮಾಮ?"

"ಇಷ್ಟು ಒರಟಿಲ್ಲ."

"ಹಾಗಾದ್ರೆ ನೀವೇ ಅರಸ ಆಗಿ. ಕಪ್ತಾನ ನಾನಾಗ್ತೀನಿ. ಅಮ್ಮ ಒಪ್ಪಿದಾಳೆ."

ಆಗಸ್ಟ್ 14

ಅಭ್ಯಾಸ ದಿನವೂ. ಎಲ್ಲ ಸರಿ ಬರುತ್ತದೆ, "ಕಪ್ತಾನ ಯಾರು" ಬಿಟ್ಟು. ಅಲ್ಲಿಗೆ ಬಂದರೆ ಮತ್ತೆ ಮೊದಲ ಸಾಲಿಗೆ ಹೋಗಿಬಿಡುತ್ತೇನೆ. ನೆಲಿದಾ ತಾಳ್ಮೆಯಿಂದ ಕಾಯುತ್ತಾಳೆ, ಮರದ ಕತ್ತಿ ಹೆಗಲಿಗಿಟ್ಟುಕೊಂಡು.

ವಿಚಿತ್ರ. ಮೆಲಿತೋನ್ ಸುಮ್ಮನಾಗಿದ್ದಾನೆ. ಎಂಟು ದಿನವಾಯಿತು. ಪೆಡಲ್ ತುಳಿಯುತ್ತೇನೆ, ಬೇಕೆಂದೇ ತಪ್ಪು ಹೇಳುತ್ತೇನೆ. ಯಾರೂ ತಿದ್ದುವುದಿಲ್ಲ. ಇಷ್ಟು ವರ್ಷ ಇಲ್ಲದ ಭಯ ಈಗ.

ಶರ್ಟಿಗೆ ಗುಂಡಿ ಹಾಕಿದೆ. ಕಾಲರ್ ಸಡಿಲ ಬಿಟ್ಟಿದ್ದೇನೆ.

ಆಗಸ್ಟ್ 22. ಶನಿವಾರ

ಪೆಟ್ಟಿಗೆ ಬಂತು. ಬಿಳಿಯದು, ಚಿಕ್ಕದು. ಎಲುಬಿಗೆ ಉದ್ದನೆಯ ಪೆಟ್ಟಿಗೆ ಬೇಕಾಗುವುದಿಲ್ಲ. ದೊಮಿತಿಲಾ ಒಬ್ಬಳೇ ಬಟ್ಟೆ ಹಾಸಿದಳು. ತೋಳು, ಕಾಲು, ಎಲ್ಲ ಇದ್ದಲ್ಲಿ ಇಟ್ಟಳು. ಎಡತೋಳನ್ನು ಬೆರಳಲ್ಲಿ ಅಳೆದು ನೋಡಿದಳು. ನನ್ನ ಕಡೆ ನೋಡಲಿಲ್ಲ. ಸರಿಯಾಗಿದೆ ಎಂದು ಅರ್ಥ.

ಮಧ್ಯಾಹ್ನ ಆಟ. ಚೌಕ ತುಂಬಿತ್ತು. ಪೆಟ್ಟಿಗೆಯನ್ನು ಚರ್ಚಿನ ಮೆಟ್ಟಿಲ ಮೇಲಿಟ್ಟಿದ್ದರು. ದೊಮಿತಿಲಾ ಅದರ ಪಕ್ಕದಲ್ಲಿ ಕೂತಿದ್ದಳು. ಆ ಅಧಿಕಾರಿ ಕೂತಿದ್ದ ಮೆಟ್ಟಿಲೇ ಅದು.

ಸೇತುವೆ ಎಂದರೆ ಎರಡು ಹಲಗೆ. ನಡೆದೆ. ಮಂಡಿ ನೋಯುತ್ತಿತ್ತು. ಎದುರಿಗೆ ನೆಲಿದಾ, ಹಿಂದೆ ಏಳು ಹುಡುಗಿಯರು ಕತ್ತಿ ಹಿಡಿದು.

"ನಿಮ್ಮಲ್ಲಿ ಕಪ್ತಾನ ಯಾರು?"

ಬಂತು. ಒರಟಾಗಿಯೇ ಬಂತು. ಈ ಸಲ ಇನ್ನೂರು ಮುಖವೂ ನನ್ನ ಕಡೆ ತಿರುಗಿದವು. ನೆಲಿದಾ ಒಂದು ಕ್ಷಣ ಬಿಟ್ಟು ಮುಂದೆ ಬಂದಳು. ಬೇಕೆಂದೇ ಬಿಟ್ಟಳೋ, ಮರೆತಳೋ, ಕೇಳಲಿಲ್ಲ.

ಅರಸನ ಮಾತು ಹೇಳಿದೆ. ಕತ್ತಿ ತಾಗಿತು. ಬಿದ್ದೆ. ಕಲ್ಲು ತಣ್ಣಗಿತ್ತು. ಮುದುಕಿಯರು ಅಳತೊಡಗಿದರು. ಯಾರೂ ಚಪ್ಪಾಳೆ ಹೊಡೆಯಲಿಲ್ಲ.

ಮಣ್ಣು ಮಾಡಿ ಎಲ್ಲರೂ ಮೆಕ್ಕೆಜೋಳದ ಬೀರು ಕುಡಿಯಲು ಹೋದರು. ದೊಮಿತಿಲಾ ಗುಂಡಿಯ ಪಕ್ಕದಲ್ಲೇ ಕೂತಿದ್ದಳು. ಅಗಿಯಲು ಕೋಕಾ ಎಲೆ ನೀಡಿದಳು. ತೆಗೆದುಕೊಂಡೆ.

"ಒಂದು ಸಾಲು ನುಂಗಿದೆ ನೀನು."

"ನಿಮಗೆ ಪದ್ಯ ಬರುತ್ತಾ ಅತ್ಗೆ?"

"ಅದೊಂದೇ ಸಾಲು ಬರೋದು. ಮನೇಲಿ ಅಡುಗೆ ಮಾಡೋವಾಗ ನನ್ನ ಮುಖ ನೋಡ್ಕೊಂಡು ಹೇಳೋನು, ತಮಾಷೆಗೆ. ಅದನ್ನ ಕೇಳೋಕೆ ಅಂತಾನೇ ಕೂತಿದ್ದೆ ಇವತ್ತು."

ಬೇಕೆಂದೇ ಬಿಟ್ಟಿದ್ದೆ. ಅವಳು ಎದುರಿಗೆ ಕೂತಿರುವಾಗ ಹೇಳಲು ಆಗಿರಲಿಲ್ಲ. ಅರಸ ಸಾಯುವಾಗ ಹೇಳುವ ಸಾಲು. ಈಗ ಹೇಳಿದೆ. ಎದ್ದು ನಿಂತು, ಟೋಪಿ ತೆಗೆದು.

ನನ್ನವಳಿಗೆ ಹೇಳಿಬಿಡಿ, ಒಲೆ ಆರಿಸಲಿ, ಕಾಯದಿರಲಿ.

ಅವಳು ಎಲೆಯ ಗಂಟು ಕಟ್ಟಿದಳು.

"ಕ್ಷಮಿಸಿದೀನಿ ಅಂದ್ಕೋಬೇಡ. ಇಷ್ಟು ವರ್ಷ ನಿನ್ನ ಮೇಲಿನ ಸಿಟ್ಟು ಇಟ್ಕೊಂಡೇ ಬೆಳಿಗ್ಗೆ ಎದ್ದಿದೀನಿ, ಮಗಳನ್ನ ಸಾಕಿದೀನಿ. ಅದನ್ನೂ ಕಿತ್ಕೊಂಡ್ರೆ ನನ್ನ ಹತ್ರ ಏನಿರುತ್ತೆ?"

"ಇರಲಿ ಅತ್ಗೆ."

"ಇನ್ನೊಂದು ವಿಷ್ಯ." ಈಗ ನನ್ನ ಮುಖ ನೋಡಿದಳು. "ಇಷ್ಟು ಪದ್ಯ ನೆನಪಿಟ್ಟೋನು ಆ ಮುಖಾನೂ ನೆನಪಿಟ್ಟಿರ್ತೀಯ. ಮೆಟ್ಟಿಲ ಮೇಲೆ ಕೂತಿದ್ನಲ್ಲ, ಅವನ ಮುಖ. ನಂಗೆ ಬೂಟು ಮಾತ್ರ ನೆನಪಿದೆ. ಊರಲ್ಲಿ ಯಾರನ್ನ ಕೇಳಿದ್ರೂ ನೆಲ ನೋಡ್ತಿದ್ವಿ ಅಂತಾರೆ."

ನಾನು ನೆಲ ನೋಡುತ್ತಿರಲಿಲ್ಲ.

ಆಗಸ್ಟ್ 30

ನೆಲಿದಾ ವಕೀಲರಿಗೆ ಫೋನ್ ಮಾಡಿದಳು. ಕೇಸು ಇನ್ನೂ ತೆರೆದೇ ಇದೆಯಂತೆ. ಕಣ್ಣಾರೆ ಕಂಡವರ ಹೇಳಿಕೆ ಒಂದೂ ಇಲ್ಲ. ಹೇಳಿಕೆ ಕೊಟ್ಟರೆ ನನ್ನ ಹೆಸರು ಕಾಗದದಲ್ಲಿ ಬರುತ್ತದೆ. ಆ ಜನ ಇನ್ನೂ ಬದುಕಿದ್ದಾರೆ, ಕೆಲವರು ದೊಡ್ಡವರಾಗಿದ್ದಾರೆ. ಅದನ್ನೂ ಹೇಳಿದಳು. ಮುಚ್ಚಿಡಲಿಲ್ಲ.

ಎಫ್ರಾಸಿಯಾಳಿಗೆ ಹೇಳಿದೆ.

"ಯಾವತ್ತು ಬಸ್ಸು?"

"ನೀನು ಬೇಡ ಅಂತೀಯ ಅಂದ್ಕೊಂಡೆ."

"ನಾನೂ ಬರ್ತೀನಿ. ಕೈ ಹಿಡ್ಕೊಳ್ಳಲ್ಲ, ಹೆದರ್ಬೇಡ."

ಸೆಪ್ಟೆಂಬರ್ 9. ವಮಾಂಗಾ ಪಟ್ಟಣ. ಬೆಳಿಗ್ಗೆ 10

ಸರ್ಕಾರಿ ವಕೀಲರ ಕಚೇರಿ. ಉದ್ದನೆಯ ಬೆಂಚು. ನನ್ನ ಮುಂದೆ ಇನ್ನಿಬ್ಬರು. ಒಂದು ಪಕ್ಕ ಎಫ್ರಾಸಿಯಾ, ಇನ್ನೊಂದು ಪಕ್ಕ ದೊಮಿತಿಲಾ. ನನ್ನ ಮೇಲಿಂದಲೇ ಇಬ್ಬರೂ ಹುರಿದ ಜೋಳ ಹಂಚಿಕೊಂಡು ತಿನ್ನುತ್ತಿದ್ದಾರೆ. ಜೋಳದ ರುಚಿ ಬಿಟ್ಟು ಬೇರೆ ಮಾತಿಲ್ಲ.

ಒಳಗೆ ಹೋದಾಗ ತಡವರಿಸಬಾರದು. ಮೊದಲೇ ಬರೆದುಕೊಳ್ಳುತ್ತೇನೆ.

ಆ ಅಧಿಕಾರಿಯ ವಯಸ್ಸು ಇಪ್ಪತ್ತೈದು, ಇಪ್ಪತ್ತಾರು. ನನಗಿಂತ ಚಿಕ್ಕವನು. ಮೀಸೆ ಇರಲಿಲ್ಲ. ಬಿಸಿಲಿಗೆ ಕೆಳತುಟಿ ಒಡೆದಿತ್ತು, ಓದುವಾಗ ನಾಲಗೆಯಿಂದ ಒದ್ದೆ ಮಾಡಿಕೊಳ್ಳುತ್ತಿದ್ದ. ಬಲಗಿವಿಯ ಕೆಳಗೆ ಸುಟ್ಟ ಗುರುತು. ಪದ್ಯವನ್ನು ಕೆಟ್ಟದಾಗಿ ಓದಲಿಲ್ಲ.

ಊರಿನ ಮುಂದೆ ಯಾರೂ ಅವನನ್ನು ಹೆಸರು ಹಿಡಿದು ಕರೆಯಲಿಲ್ಲ. ಆದರೆ ಲಾರಿ ಹತ್ತುವಾಗ ಒಬ್ಬ ಸಿಪಾಯಿ ಹಿಂದಿನಿಂದ ಹೆಸರು ಕೂಗಿದ. ಒಂದೇ ಸಲ. ಆಗಲೇ ಎಲ್ಲರೂ ಮನೆಗಳಿಗೆ ಓಡಿದ್ದರು. ನಾನೊಬ್ಬನೇ ಚೌಕದಲ್ಲಿ ನಿಂತಿದ್ದೆ. ಕೇಳಿಸಿತು. ಎಫ್ರಾಸಿಯಾಳಿಗೂ ಹೇಳಿಲ್ಲ. ಇಷ್ಟು ವರ್ಷದಲ್ಲಿ ಒಂದಕ್ಷರವೂ ಮಾಸಿಲ್ಲ. ಆ ಹೆಸರು... ಒಳಗೆ ಕರೆದರು. ಎದ್ದು ಹೋಗಿ ಬಾಯಲ್ಲೇ ಹೇಳುತ್ತೇನೆ.