ಮುದ್ರೆ ಹಾಕಿದ ಷಡ್ಜ

ಜುಲೈ ೮. ಬೆಳಗ್ಗೆ ಆರೂವರೆ

ಎಂದಿನಂತೆ ಶ್ರುತಿಪೆಟ್ಟಿಗೆ ಹಾಕಿದೆ. ಆರು ಮನೆ. ನಮ್ಮ ಮಗಳು, ದೊಡ್ಡವಳು, ಕೊನೆಯ ಸಲ ಹಾಡಲು ಕುಳಿತಾಗ ತಿರುಪು ನಿಲ್ಲಿಸಿದ ಜಾಗ, ಆರಕ್ಕಿಂತ ಕೂದಲೆಳೆಯಷ್ಟು ಮೇಲೆ. ಅವಳು ತೀರಿಕೊಂಡ ವಾರವೇ ಆ ತಿರುಪಿಗೆ ತಂತಿ ಬಿಗಿದು ಸೀಸದ ಮುದ್ರೆ ಒತ್ತಿದೆ, ಅಂಗಡಿಯ ತಕ್ಕಡಿಗಳಿಗೆ ಒತ್ತುವ ಹಾಗೆಯೇ. ತೂಕ-ಅಳತೆ ಇನ್‌ಸ್ಪೆಕ್ಟರನಾದ ನನಗೆ ವೃತ್ತಿ ಕಲಿಸಿದ್ದು ಒಂದೇ ಪಾಠ: ಪ್ರಮಾಣ ಅಲುಗಬಾರದು.

ಚಿಕ್ಕವನು ಎದುರು ಕುಳಿತ. ಹದಿನಾಲ್ಕು ತುಂಬಿದೆ. ಮುಂದಿನ ತಿಂಗಳು ಸಂಗೀತದ ಮೊದಲ ಪರೀಕ್ಷೆ. ಅಕ್ಕನೇ ಹೇಳಿಕೊಡುತ್ತಿದ್ದಳು, ಈಗ ನಾನು. ನನಗೆ ಹಾಡಲು ಬಾರದು. ಶಾಸ್ತ್ರ ಓದಿಸಬಲ್ಲೆ, ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ಸಿದ್ಧವಾಗುತ್ತಿದ್ದ ಕ್ರಮದಲ್ಲಿ. ಮೊದಲು ವ್ಯಾಖ್ಯೆ, ಅನಂತರ ಉದಾಹರಣೆ, ಕಡೆಗೆ ಎದುರಾಳಿಯ ಬಾಯಿ ಕಟ್ಟುವ ಮಾತು.

"ಸ್ವರಗಳೆಷ್ಟು?"

"ಏಳು. ಅವುಗಳ ಸ್ಥಾನ ಹನ್ನೆರಡು."

"ಸ್ಥಾಯಿ?"

"ಮೂರು. ಮಂದ್ರ, ಮಧ್ಯ, ತಾರ. ಕೆಳಗೆ, ನಡುವೆ, ಮೇಲೆ."

"ಶ್ರುತಿ ಎಂದರೇನು?"

"ಹಾಡೋರ ಗಂಟಲಿಗೆ ಒಗ್ಗೋ ಆಧಾರದ ದನಿ. ಮೊದಲ ಸ್ವರ ಷಡ್ಜ ಅಲ್ಲಿ ಇಟ್ಕೊಂಡ್ರೆ ಮಿಕ್ಕ ಸ್ವರಗಳೆಲ್ಲ ಅದರ ಲೆಕ್ಕಕ್ಕೆ ಬರ್ತವೆ. ಎತ್ತರ ಎಷ್ಟು ಅನ್ನೋದನ್ನ ಮನೆ ಲೆಕ್ಕದಲ್ಲಿ ಹೇಳ್ತಾರೆ."

"ಉದಾಹರಣೆ?"

"ಅಕ್ಕನಿಗೆ ಆರು ಮನೆ."

"ನಿನಗೆ?"

ಪೆಟ್ಟಿಗೆಯ ಮುದ್ರೆಯತ್ತ ನೋಡಿದ. ಪಾಠ ಇನ್ನೂ ಹಸಿ. ಮತ್ತೊಮ್ಮೆ ಓದಲು ಹೇಳಿ ಎದ್ದೆ.

ಜುಲೈ ೧೧

ಮೇಲಿನ ಷಡ್ಜಕ್ಕೆ ಹೋಗುವಾಗ ದನಿ ಒಡೆಯಿತು. ಗದರಿದೆ. "ಬೆನ್ನು ನೆಟ್ಟಗೆ ಮಾಡು. ಸೋಮಾರಿತನ ಗಂಟಲಲ್ಲಿ ಮೊದಲು ಗೊತ್ತಾಗುತ್ತೆ." ಮತ್ತೆ ಹಾಡಿದ. ಈ ಸಲ ಇನ್ನೂ ಕೆಳಗೆ, ಪಂಚಮದಲ್ಲೇ ಒಡೆಯಿತು — ಒಣಗಿದ ಹಲಗೆ ಸೀಳಿದ ಹಾಗೆ.

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ನನ್ನವಳು ಬಾಗಿಲಿಗೆ ಬಂದು ನಿಂತಳು. ಇಬ್ಬರಿಗೂ ಬಂದದ್ದು ಒಂದೇ ನೆನಪು. ದೊಡ್ಡವಳದ್ದೂ ಹೀಗೆಯೇ ಶುರುವಾಗಿದ್ದು. ಮೊದಲು ದನಿ ಒಡೆಯಿತು. ಶೀತ ಎಂದೆವು. ಆಮೇಲೆ ಕುತ್ತಿಗೆಯಲ್ಲಿ ಗಂಟು.

ಜುಲೈ ೧೨

ಪರ: ಶೀತವಿರಬಹುದು. ಶಾಲೆಯಲ್ಲಿ ಅರ್ಧ ತರಗತಿ ಕೆಮ್ಮುತ್ತಿದೆಯಂತೆ.

ವಿರೋಧ: ಮೂಗು ಸೋರುತ್ತಿಲ್ಲ. ಜ್ವರವಿಲ್ಲ. ಅವಳಿಗೂ ಇರಲಿಲ್ಲ.

ಪರ: ಒಂದೇ ಮನೆಗೆ ಎರಡು ಸಲ ಬರುವುದಿಲ್ಲ.

ವಿರೋಧ: ಯಾರು ಹೇಳಿದರು? ಆಧಾರವೇನು?

ಎದುರಾಳಿಯೇ ಗೆದ್ದ. ಹಿಂದೆಂದೂ ಹೀಗೆ ಸೋತವನಲ್ಲ.

ಜುಲೈ ೧೫

ಊಟಕ್ಕೆ ಕುಳಿತಾಗ ಅವನ ಕುತ್ತಿಗೆಯನ್ನೇ ನೋಡುತ್ತಿದ್ದೆ. ನುಂಗುವಾಗ ಏನೋ ಮೇಲೆ ಕೆಳಗೆ ಆಡುತ್ತದೆ. ಮೊದಲು ಇತ್ತೆ? ನೆನಪಿಲ್ಲ. ಮಗನ ಕುತ್ತಿಗೆಯನ್ನು ಯಾವ ತಂದೆ ನೆನಪಿಟ್ಟುಕೊಳ್ಳುತ್ತಾನೆ? ತಡೆಯಲಾಗದೆ ಕೈ ಚಾಚಿ ದವಡೆಯ ಕೆಳಗೆ ಒತ್ತಿ ನೋಡಿದೆ. ಎಡಕ್ಕೆ. ಬಲಕ್ಕೆ.

"ಏನಪ್ಪ, ತೂಕ ಸರಿ ಇದೆಯಾ? ಸೀಲ್ ಹೊಡೆದುಬಿಡಿ ಹಾಗಾದ್ರೆ."

ನನ್ನವಳು ನಕ್ಕಳು. ನಗು ಅರ್ಧಕ್ಕೆ ನಿಂತಿತು. ಅವನು ಹೇಳಿದ ಮಾತಿನಲ್ಲೇ ದನಿ ಎರಡು ಸಲ ಒಡೆದಿತ್ತು.

ಜುಲೈ ೧೬

ಕಚೇರಿಯಲ್ಲಿ ಸರಿಯಿದ್ದ ತಕ್ಕಡಿಯನ್ನು ತಪ್ಪೆಂದು ಬದಿಗಿಟ್ಟೆ. ಅಂಗಡಿಯವನು ಕೈ ಕಟ್ಟಿ ನಿಂತಿದ್ದ. "ಸಾರ್, ಮುಳ್ಳು ನಡುವಲ್ಲೇ ಇದೆ. ಇನ್ನೊಂದ್ಸಲ ನೋಡಿ." ನಿಜ. ಮುದ್ರೆ ಒತ್ತಿ ಕಳಿಸಿದೆ.

ಬೆಳಗಿನ ಪಾಠ ಮಾತ್ರ ನಿಲ್ಲಿಸಿಲ್ಲ. ನಿಲ್ಲಿಸಿದರೆ ಒಪ್ಪಿಕೊಂಡ ಹಾಗೆ.

ಜುಲೈ ೨೨

ಐದು ದಿನ ಬರೆಯಲಿಲ್ಲ. ಬರೆದರೆ ನಿಜವಾಗುತ್ತದೆಂಬ ಮೂಢನಂಬಿಕೆ. ನನ್ನಂಥವನಿಗೆ.

ಇವತ್ತು ಬೆಳಗ್ಗೆ ಹಾಡುತ್ತ ಹಾಡುತ್ತ ಅವನ ದನಿಯೇ ಉಡುಗಿತು. ಬಾಯಿ ತೆರೆದಿತ್ತು. ಗಾಳಿ ಮಾತ್ರ ಬಂತು. ನನ್ನವಳು ಬಂದು ಪೆಟ್ಟಿಗೆಯ ಸ್ವಿಚ್ ಆರಿಸಿದಳು. "ಸಾಕು. ನಾಳೆ ಡಾಕ್ಟರ ಹತ್ರ ಹೋಗೋದೇ. ನೀವು ಬರದಿದ್ರೆ ನಾನೊಬ್ಬಳೇ ಕರ್ಕೊಂಡು ಹೋಗ್ತೀನಿ."

ಜುಲೈ ೨೩. ಮಧ್ಯಾಹ್ನ

ಅದೇ ಗಂಟಲಿನ ಡಾಕ್ಟರು. ಅದೇ ಉದ್ದನೆಯ ಬೆಂಚು, ಅದೇ ಫಿನಾಯಿಲ್ ವಾಸನೆ, ನಲ್ಲಿಯ ಕೆಳಗೆ ಅದೇ ನೀಲಿ ಬಕೆಟ್ಟು. ಹಿಂದಿನ ಸಲ ಕುಳಿತ ಜಾಗದಲ್ಲಿ ಕೂರಲಾರದೆ ಗೋಡೆಗೆ ಒರಗಿ ನಿಂತೆ.

ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿದರು. ಪರದೆಯ ಮೇಲೆ ದನಿ ಹೊರಡಿಸುವ ಎರಡು ಬಿಳಿಯ ಪಟ್ಟಿ, ಅಂಚು ಕೆಂಪು. ಡಾಕ್ಟರು ಕನ್ನಡಕ ಸರಿಮಾಡಿಕೊಂಡು ಪರದೆಗೆ ಬಾಗಿದರು. ಹಾಗೆ ಬಾಗುವುದು ನನಗೆ ಪರಿಚಿತ. ಹೋದ ಸಲ ಅದರ ಬೆನ್ನಿಗೇ ಬಂದ ಮಾತನ್ನು ಇನ್ನೂ ಅಕ್ಷರ ಬಿಡದೆ ಹೇಳಬಲ್ಲೆ. ಕಾಲಿನ ಕೆಳಗೆ ನೆಲ ಇದೆಯೋ ಇಲ್ಲವೋ ಎಂದು ಹೆಬ್ಬೆರಳಿಂದ ಒತ್ತಿ ನೋಡಿಕೊಂಡೆ.

"ಗಂಟು ಇಲ್ಲ," ಎಂದರು.

ನನ್ನವಳು ಕುರ್ಚಿ ಹಿಡಿದುಕೊಂಡಳು. ನಾನು ಇನ್ನೊಮ್ಮೆ ಹೇಳಿಸಿದೆ.

"ಇಲ್ಲ ಅಂದ್ನಲ್ಲ ಸರ್. ಗಂಡುದನಿ ಬರ್ತಾ ಇದೆ, ಅಷ್ಟೆ. ಈ ವಯಸ್ಸಲ್ಲಿ ಎಲ್ಲ ಹುಡುಗರಿಗೂ ಒಡೆಯುತ್ತೆ. ಆದ್ರೆ ಈ ಊತ, ಈ ಕೆಂಪು, ಅದು ವಯಸ್ಸಿಂದಲ್ಲ. ಯಾವ ಶ್ರುತೀಲಿ ಹಾಡ್ತೀಯಪ್ಪ?"

"ಆರು ಮನೆ."

"ಆರಾ? ಹೆಣ್ಣುದನಿ ಎತ್ತರ ಅದು. ಯಾರದ್ದು?"

"ಅಕ್ಕಂದು."

ಡಾಕ್ಟರು ನನ್ನತ್ತ ನೋಡಿದರು. ದೊಡ್ಡವಳನ್ನು ನೋಡಿದ್ದೂ ಅವರೇ. ಸ್ವಲ್ಪ ಹೊತ್ತು ಕೈಗವಸು ಕಳಚುತ್ತಲೇ ಇದ್ದರು.

"ಎರಡು ವಾರ ಪಿಸುಮಾತೂ ಬೇಡ. ಆಮೇಲೆ ಕೆಳಗಿನ ಶ್ರುತೀಲಿ, ಮೆಲ್ಲಗೆ. ಮತ್ತೆ ಅಲ್ಲಿಗೇ ಹತ್ತಿಸಿದ್ರೆ ದನಿ ಹಿಂಗೇ ಉಳಿದುಬಿಡಬಹುದು. ಆಗ ನನ್ ಹತ್ರ ಬಂದು ಪ್ರಯೋಜನ ಇರಲ್ಲ."

ಜುಲೈ ೨೪

ಗಂಟು ಇಲ್ಲ. ಗಂಟು ಇಲ್ಲ. ಗಂಟು ಇಲ್ಲ.

ಆಗಸ್ಟ್ ೬. ಸಂಜೆ

ಎರಡು ವಾರ ಮುಗಿಯಿತು. ಪೆಟ್ಟಿಗೆ ಮೇಜಿನ ಮೇಲೆ. ಪಕ್ಕದಲ್ಲಿ ಇಕ್ಕಳ. ಮೂರು ಸಲ ಕೈಗೆತ್ತಿಕೊಂಡು ಮೂರು ಸಲ ಕೆಳಗಿಟ್ಟೆ.

ಚಿಕ್ಕವನದೇ ವ್ಯಾಖ್ಯೆ: ಹಾಡುವವರ ಗಂಟಲಿಗೆ ಒಗ್ಗುವ ದನಿ. ಪುಸ್ತಕದಲ್ಲೂ ಅದೇ ಇದೆ, ಓದಿಸಿದವನು ನಾನೇ. ಷಡ್ಜ ಎಲ್ಲಿ ಕೂತರೂ ಅದರಿಂದ ಪಂಚಮದ ದೂರ ಬದಲಾಗದು. ಮನೆ ಬದಲಾದರೂ ನಡುವಿನ ನಂಟು ಹಾಗೇ. ವಾದಕ್ಕೆ ಎದುರು ವಾದವಿಲ್ಲ. ಕೈ ಮಾತ್ರ ಏಳುತ್ತಿಲ್ಲ.

ನನ್ನವಳು ಕೇಳಿದಳು, "ಏನ್ ಯೋಚನೆ?"

"ತಿರುಗಿಸಿದರೆ ಆ ಜಾಗ ಮತ್ತೆ ಸಿಗುವುದಿಲ್ಲ."

"ಪೆನ್ಸಿಲಲ್ಲಿ ಗೆರೆ ಹಾಕಿ."

"ಗೆರೆ ದಪ್ಪ. ಅವಳು ನಿಲ್ಲಿಸಿದ್ದು ಗೆರೆಯೊಳಗೆ ಎಲ್ಲೋ."

ತಕ್ಕಡಿಯ ಮುದ್ರೆ ಕಿತ್ತರೆ ಹೆದರಿಕೆಯಿಲ್ಲ. ಪ್ರಮಾಣದ ಕಲ್ಲಿಟ್ಟು ಮತ್ತೆ ಸರಿಮಾಡಬಹುದು. ಇದಕ್ಕೆ ಕಲ್ಲು ಇಲ್ಲ. ಇದನ್ನು ಅಳೆದದ್ದು ಅವಳ ಗಂಟಲು.

ನನ್ನವಳು ಇಕ್ಕಳವನ್ನು ನನ್ನ ಕಡೆ ಸರಿಸಿದಳು. ಆಮೇಲೆ ಮೆಲ್ಲಗೆ, "ಒಬ್ಬಳನ್ನ ಉಳಿಸ್ಕೊಳ್ಳಕ್ಕೆ ಆಗ್ಲಿಲ್ಲ ರೀ. ಇವನ ದನಿನಾದ್ರೂ ಉಳಿಸಿ."

ಆಗಸ್ಟ್ ೭. ಬೆಳಗ್ಗೆ ಆರೂವರೆ

ತಂತಿ ಕತ್ತರಿಸಿದೆ. ಸೀಸದ ಚೂರು ಜೇಬಿನಲ್ಲಿದೆ.

ಮೊದಲು ಅವಳ ಜಾಗದಲ್ಲೇ ಹಾಕಿ ಮೂವರೂ ಕೇಳಿದೆವು. ಆಮೇಲೆ ತಿರುಪು ಹಿಡಿದೆ. ಒಮ್ಮೆ ಕಣ್ಣು ಮುಚ್ಚಿ ತೆರೆದೆ.

"ಇಳಿಸಿ," ಎಂದ ಚಿಕ್ಕವನು.

ಐದು. ನಾಲ್ಕು. ಅವಳು ಹೊಸಿಲು ದಾಟಿ ಹೋಗುತ್ತಿರುವ ಹಾಗೆ. ಬೆವರಿಗೆ ತಿರುಪು ಜಾರಿತು.

"ಇನ್ನೂ ಇಳಿಸಿ ಅಪ್ಪ. ಹೆದರ್ಬೇಡಿ."

ಮೂರು. ಎರಡು. ಒಂದೂವರೆಯ ಹತ್ತಿರ ನನ್ನ ಕೈ ಮೇಲೆ ಅವನ ಕೈ ಬಂತು. "ಇಲ್ಲಿ."

ಷಡ್ಜ ಹಿಡಿದ. ಒರಟು. ಮನೆಗೆ ಯಾರೋ ಹೊಸ ಗಂಡಸು ಬಂದಂತೆ. ಒಡೆಯಲಿಲ್ಲ.

ಎದ್ದು ಈ ಕೋಣೆಗೆ ಬಂದುಬಿಟ್ಟೆ. ಎದುರು ಕೂರಲಾಗಲಿಲ್ಲ. ಗೋಡೆಯಾಚೆಯಿಂದ ಕೇಳುತ್ತಿದೆ. ಮೆಲ್ಲಗೆ ಹತ್ತುತ್ತಿದ್ದಾನೆ. ರಿಷಭ. ಗಾಂಧಾರ. ಮಧ್ಯಮ... ಪಂಚಮ ದಾಟಿದ. ನನ್ನವಳ ಪಾತ್ರೆಯ ಸದ್ದೂ ನಿಂತಿದೆ. ಇನ್ನು ಮೇಲಿನ ಷಡ್ಜ ಸೇರಿ ಉಳಿದಿರುವುದು ಮೂರೇ. ಧೈವತ. ನಿಷಾದ —