ಬಾಣಂತನದ ಮ್ಯಾಚು

ದೊಡ್ಡಬಳ್ಳಾಪುರ
18-12-2022, ಭಾನುವಾರ ಮಧ್ಯಾಹ್ನ

ನಂದಗುಡಿ ಮನೆಯ ಸೊಸೆ, ನಮ್ಮ ಮನೆಯ ಸಿಡುಕಿ ರಂಜಿತಮ್ಮನಿಗೆ, ಮೂರು ದಿನದಿಂದ ನಿಮ್ಮಮ್ಮನ ಬೈಗಳು ತಿಂದೇ ಹೊಟ್ಟೆ ತುಂಬಿಸಿಕೊಳ್ತಿರೋ ನಿಮ್ಮಪ್ಪನ ಆಶೀರ್ವಾದಗಳು.

ನಾವಿಬ್ಬರೂ ಚೆನ್ನಾಗಿದ್ದೀವಿ. ನೀನೂ, ನಿನ್ನ ಹೊಟ್ಟೆಯಲ್ಲಿ ಕಾಲಾಡಿಸ್ತಿರೋ ನಮ್ಮ ಫುಟ್‌ಬಾಲ್ ಆಟಗಾರನೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೀನಿ. ಅಪ್ಪ ಕಾಗದ ಬರೆದ ಅಂತ ಗಾಬರಿ ಆಗಬೇಡ. ಐದನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವನು ನಾನು. ಒತ್ತು, ದೀರ್ಘ ಎಲ್ಲ ಅಲ್ಲೊಂದು ಇಲ್ಲೊಂದು ಬಿದ್ದಿರುತ್ತವೆ, ನೀನೇ ಆಯ್ದುಕೊಂಡು ಓದಿಕೋ. ಫೋನ್ ಮಾಡಬಹುದಿತ್ತಲ್ಲ ಅಂತೀಯ. ಫೋನಲ್ಲಾದರೆ ನೀನು ಮಧ್ಯೆ ಬಾಯಿ ಹಾಕ್ತೀಯ. ಕಾಗದದಲ್ಲಿ ನಾನೊಬ್ಬನೇ ಮಾತಾಡಬಹುದು.

ರಾತ್ರಿ ಎಂಟೂವರೆಗೆ ವರ್ಲ್ಡ್ ಕಪ್ ಫೈನಲ್. ಬೆಳಿಗ್ಗೆಯಿಂದ ಕೂತಲ್ಲಿ ಕೂರಕ್ಕಾಗ್ತಿಲ್ಲ. ಮಗ್ಗಕ್ಕೆ ಇವತ್ತು ರಜೆ, ಆದರೂ ಸುಮ್ಮನೆ ಹೋಗಿ ಎಣ್ಣೆ ಬಿಟ್ಟು ಬಂದೆ. ಆಮೇಲೆ ಬಿಟ್ಟೆನೋ ಇಲ್ಲವೋ ಅಂತ ಅನುಮಾನ ಬಂದು ಇನ್ನೊಂದು ಸಲ ಬಿಟ್ಟೆ. ಕಾಫಿಗೆ ಉಪ್ಪು ಹಾಕಿಕೊಂಡು ಕುಡಿದು, ಚೆನ್ನಾಗಿದೆ ಅಂದೆನಂತೆ. "ಮಗಳ್ನ ಆಟಕ್ ಕಟ್ಟಿರೋರ್ಗೆ ಉಪ್ಪೇನು ಸಕ್ರೆ ಏನು" ಅಂದಳು ನಿಮ್ಮಮ್ಮ.

ಆ ವಿಷಯಕ್ಕೇ ಬರ್ತೀನಿ. ಮೊದಲಿಂದ ಹೇಳ್ತೀನಿ, ತಾಳು.

ಕ್ವಾರ್ಟರ್ ಫೈನಲ್ ಹೊತ್ತಿಗೆ ನಮ್ಮ ಶೆಡ್ಡಿನಲ್ಲಿ ಈ ಪಂದ್ಯ ಕಟ್ಟೋ ಆಟ ಶುರುವಾಯ್ತು. ದುಡ್ಡುಗಿಡ್ಡು ಏನಿಲ್ಲ. ಯಾರು ಗೆಲ್ತಾರೆ ಅಂತ ಮೊದಲೇ ಹೇಳೋದು, ತಪ್ಪು ಹೇಳಿದವರು ಮಾರನೇ ದಿನ ಎಲ್ಲರಿಗೂ ಟೀ ತರಿಸೋದು. ಆಟದ ತಲೆ ಬುಡ ಯಾರಿಗೂ ಗೊತ್ತಿಲ್ಲ. ನೇಯೋರಲ್ಲವಾ, ಎಲ್ಲರೂ ಅಂಗಿ ನೋಡಿ ಟೀಮು ಆರಿಸಿಕೊಂಡೆವು. ನನಗೆ ಅರ್ಜೆಂಟೈನಾದ ನೀಲಿ ಬಿಳಿ ಪಟ್ಟೆ ಹಿಡಿಸಿತು, ಥೇಟ್ ನಮ್ಮ ತಾತನ ಟವಲ್ಲು. ನೂಲು ಸುತ್ತೋಕೆ ಬರೋ ಕದಿರಮ್ಮ ಕ್ರೊಯೇಷಿಯಾನ ಹಿಡಿದುಕೊಂಡಳು. "ಚೌಕಳಿ ನೋಡಣ್ಣೋ, ಒಂದ್ ಎಳೆ ಆಚೆ ಈಚೆ ಇಲ್ಲ, ಇವ್ರು ಸೋಲ್ತಾರಾ?" ಅಂದಳು. ನಾವು ನಕ್ಕೆವು. ಅವರು ಬ್ರೆಜಿಲ್‌ನವರನ್ನ ಮನೆಗೆ ಕಳಿಸಿದರು, ಕದಿರಮ್ಮನಿಗೆ ಇಡೀ ಶೆಡ್ಡು ಟೀ ಕುಡಿಸಿತು. ಸೆಮಿಫೈನಲ್‌ನಲ್ಲಿ ನನ್ನ ಟವಲ್ಲಿನವರು ಅವಳ ಚೌಕಳಿಯವರಿಗೆ ಮೂರು ಗೋಲು ಹೊಡೆದರು, ಆಗ ಅವಳು ತರಿಸಿದಳು.

ಇದು ನಿನ್ನ ಗಂಡನ ಕಿವಿಗೆ ಬಿತ್ತು. ನವೀನ್‌ಕುಮಾರರು ಕಾಲೇಜು ಓದಿದವರು, ಅಂಗಿ ನೋಡದೆ ಆಟ ನೋಡಿ ಫ್ರಾನ್ಸ್ ಆರಿಸಿದರು. ಗುರುವಾರ ಮಧ್ಯಾಹ್ನ ವಿಡಿಯೋ ಕಾಲ್ ಮಾಡಿದರು, ನಾನು ಶೆಡ್ಡಿನಲ್ಲಿದ್ದೆ. ಅವರು ಏನು ಹೇಳಿದರು ಅಂತ ನನಗೆ ಆಮೇಲೆ ನಿಮ್ಮಮ್ಮನಿಂದ ಗೊತ್ತಾಯ್ತು: "ಮಾವ, ಫೈನಲ್‌ಗೆ ಟೀ ಗೀ ಎಲ್ಲ ಬ್ಯಾಡ. ಬಾಣಂತನ ಎಲ್ಲಿ ಅಂತ ನಮ್ಮಮ್ಮನೂ ನೀವೂ ಕಿತ್ತಾಡ್ತಾನೇ ಇದೀರ. ಇದ್ರಲ್ಲೇ ತೀರ್ಮಾನ ಮಾಡ್ಬಿಡಣ. ಅರ್ಜೆಂಟೈನಾ ಗೆದ್ರೆ ದೊಡ್ಬಳ್ಳಾಪುರ, ಫ್ರಾನ್ಸ್ ಗೆದ್ರೆ ನಂದಗುಡಿ. ಒಪ್ಗೆ ತಾನೆ?"

ನಾನು ಹೆಬ್ಬೆರಳು ಎತ್ತಿದೆ. ಅಲ್ಲಿ ಅವರ ಪಕ್ಕದಲ್ಲೇ ನಿಂತಿದ್ದ ನೀನು ನೋಡಿದೆ.

ಅಲ್ಲ ಕಣಮ್ಮ, ಮಗ್ಗದ ಮನೆಯಲ್ಲಿ ಬೆಳೆದವಳು ನೀನು, ನಿನಗೆ ಗೊತ್ತಿಲ್ಲವಾ? ಮಗ್ಗ ಓಡೋವಾಗ ಮಾತು ನಡೆಯಲ್ಲ, ಕೈಸನ್ನೆಯೇ ನಡೆಯೋದು. ಯಾರು ಏನು ಅಂದರೂ ಹೆಬ್ಬೆರಳು ಎತ್ತಿಬಿಡೋದು ನಮಗೆ ಕಣ್ಣು ಮಿಟುಕಿಸಿದಷ್ಟು ಸಲೀಸು. ಮಗ್ಗದ ಸದ್ದಿಗೆ ಕೇಳಿಸಲಿಲ್ಲ, ಎತ್ತಿದೆ, ಅಷ್ಟೆ. ನಿನ್ನ ಕಡೆಗೆ ಸದ್ದೇ ಬರಲಿಲ್ಲ ಅಂತ ನಿಮ್ಮಮ್ಮನ ಹತ್ತಿರ ಹೇಳಿದೆಯಂತೆ. ಈಗಿನ ಹೊಸ ಫೋನುಗಳು ಗದ್ದಲಾನೆಲ್ಲ ಸೋಸಿ ಮಾತು ಮಾತ್ರ ಕಳಿಸುತ್ತವಂತೆ. ಕಾಫಿ ಸೋಸಿದ ಹಾಗೆ.

"ನಾನೇನು ಬಾಲಾ, ಇವ್ರಿಬ್ರೂ ಒದ್ದಾಡ್ಕೊಂಡು ಆಡಕ್ಕೆ?" ಅಂತ ನೀನು ಅತ್ತೆಯಂತೆ. ನಿಮ್ಮಮ್ಮ ಅದನ್ನ ನನ್ನ ಮುಂದೆ ನಿಂತು ನಿನ್ನ ಹಾಗೇ ಮೂಗು ಒರೆಸಿಕೊಂಡು ಹೇಳಿ ತೋರಿಸಿದಳು. ಅವತ್ತಿಂದ ಸರಿಯಾಗಿ ಊಟ ಇಳೀತಿಲ್ಲ.

ಅಳಿಯನ ಮೇಲೆ ಈಗಲೇ ಹಾರಿಬೀಳೋಣ, ಪಂದ್ಯ ರದ್ದು ಅನ್ನೋಣ ಅಂದರೆ, ಅದಕ್ಕೂ ಮನಸ್ಸು ಬರ್ತಿಲ್ಲ. ಯಾಕೆ ಅಂದರೆ, ಮಾತಲ್ಲಿ ನಾನು ನಿಮ್ಮತ್ತೆ ಸಪ್ಪಲಮ್ಮನವರನ್ನ ಗೆಲ್ಲಕ್ಕಾಗಲ್ಲ. ಸೀಮಂತದ ದಿನ ಎಲೆ ಮುಂದೆ ಕೂತಾಗಲೇ ಅಂದರಲ್ಲ, "ಆ ಮಗ್ಗದ ಸದ್ನಾಗೆ ಹಸುಗೂಸು ಮಲಗ್ತದಾ? ಅದರ ಕಿವಿ ಏನಾಗ್ಬೇಕು?" ಅಂತ. ನಾನು ಹೋಳಿಗೆ ಬಾಯಲ್ಲಿ ಇಟ್ಟುಕೊಂಡೇ, "ನಾನ್ ಹುಟ್ಟಿದ್ದೇ ಮಗ್ಗದ ಪಕ್ಕ ಬೀಗ್ರೇ, ನನ್ ಕಿವಿಗೇನಾಗಿದೆ ಹೇಳಿ?" ಅಂದೆ. ಎಲ್ಲರೂ ನಕ್ಕರು. ನಿಮ್ಮಮ್ಮ ಮಾತ್ರ ನಗಲಿಲ್ಲ.

ಚೊಚ್ಚಲ ಬಾಣಂತನ ತವರಲ್ಲಿ ಅನ್ನೋದು ಊರಿಗೆಲ್ಲ ಗೊತ್ತಿರೋದು. ನಡುಮನೆ ಪಕ್ಕದ ಕೋಣೆಗೆ ಬಣ್ಣ ಹೊಡೆಸಿದ್ದೀನಿ. ನೀನು ಮಲಗಿದ್ದ ತೊಟ್ಟಿಲನ್ನ ಅಟ್ಟದಿಂದ ಇಳಿಸಿ ಒರೆಸಿದ್ದೀನಿ, ಒಂದು ಕಾಲು ಅಲ್ಲಾಡುತ್ತೆ, ನನ್ನ ಹಾಗೇ. ಮಗು ಈ ಮನೆಯಲ್ಲಿ ಮೂರು ತಿಂಗಳು ಇರಲಿ ಅಂತ ಆಸೆ. ಇದನ್ನ ತಮಾಷೆಗೆ ಹೇಳ್ತಿಲ್ಲ.

ನಿನ್ನೆ ರಾತ್ರಿ ಮೂರನೇ ಸ್ಥಾನದ ಮ್ಯಾಚಿಗೆ ಎಲ್ಲರೂ ನಮ್ಮ ಟೀವಿ ಮುಂದೆ ಸೇರಿದ್ದರು. ನಾನು ತಲೆ ಬಗ್ಗಿಸಿ ಕಡಲೆಕಾಯಿ ಬಿಡಿಸ್ತಿದ್ದೆ. ಎತ್ತಿ ನೋಡಿದರೆ ಕದಿರಮ್ಮ ಕುಣೀತಿದ್ದಾಳೆ, ಚೌಕಳಿಯವರ ಗೋಲಾಗಿದೆ. "ಪಕ್ಕದ್ ಬೀದಿಯೋರ್ಗೇ ಕೇಳುಸ್ತು ಇವ್ಳ ಕಿರ್ಚಾಟ, ನಿಮ್ಗೆ ಕೇಳುಸ್ಲಿಲ್ವಾ?" ಅಂದಳು ನಿಮ್ಮಮ್ಮ. ಕಡಲೆಕಾಯಿ ಮೇಲೆ ಗ್ಯಾನ ಇತ್ತು ಅಂದೆ. ಚೌಕಳಿಯವರು ಗೆದ್ದರು. ನಾಳೆ ಮತ್ತೆ ಅವಳಿಗೆ ಟೀ.

ಈಗ ಮೂರು ಗಂಟೆ. ಇನ್ನೂ ಐದೂವರೆ ಗಂಟೆ ಹೇಗೆ ಕಳೆಯೋದೋ. ಟವಲ್ಲಿನವರು ಗೆಲ್ಲಲಿ ಅಂತ ನೀನೂ ಒಂದು ಸಲ ಅಂದುಕೋ. ನಾಳೆ ಹೊಸಕೋಟೆ ಕಡೆ ಹೋಗೋರು ಯಾರ ಕೈಲಾದರೂ ಕಾಗದ ಕೊಟ್ಟು ಕಳಿಸ್ತೀನಿ. ಕೋಪ ಇದ್ದರೂ ಹೊತ್ತಿಗೆ ಸರಿಯಾಗಿ ಉಣ್ಣು.

ಉಪ್ಪು ಕಾಫಿ ಕುಡಿದೂ ಬದುಕಿರೋ,
ನಿಮ್ಮಪ್ಪ ರಾಜೇಂದ್ರ

ಮರೆತ ಮಾತು: ಈಗ ಸೋಮವಾರ ಬೆಳಿಗ್ಗೆ. ನಾನು ಗೆದ್ದೆ ರಂಜಿತ. ನೀನೂ ನೋಡಿರುತ್ತೀಯ, ಎರಡು ಗೋಲು ಮುಂದಿದ್ದವರು ಸಮ ಆಗಿ, ಮತ್ತೆ ಮುಂದೆ ಹೋಗಿ, ಮತ್ತೆ ಸಮ ಆಗಿ, ಕೊನೆಗೆ ಪೆನಾಲ್ಟಿಯಲ್ಲಿ ಬಚಾವಾದರು. ಎರಡೂ ಕಡೆ ಹತ್ತನೇ ನಂಬರ್ ಅಂಗಿಯವರೇ ಹೊಡೀತಿದ್ದರು, ಲೆಕ್ಕ ಎಷ್ಟಕ್ಕೆ ನಿಂತಿತು ಅಂತ ಗೊತ್ತಾಗದೆ ನಾನು ಟೀವಿ ಬಿಟ್ಟು ನಿಮ್ಮಮ್ಮನ ಮುಖಾನೇ ನೋಡ್ತಿದ್ದೆ. ಅವಳು ಎದ್ದು ಕೈ ತಟ್ಟಿದಾಗ ನಾನೂ ತಟ್ಟಿದೆ. ಇಡೀ ಬೀದಿ ಪಟಾಕಿ ಹೊಡೆಯಿತಂತೆ. ಬೆಳಗ್ಗೆ ಬಾಗಿಲಲ್ಲಿ ಕೆಂಪು ಕಾಗದದ ಚೂರು ನೋಡಿ ಗೊತ್ತಾಯ್ತು.

ನಿನ್ನ ಫೋನು ಏನೂ ಸೋಸಲಿಲ್ಲ ಕಣಮ್ಮ. ಗುರುವಾರ ಮಧ್ಯಾಹ್ನ ಕರೆಂಟ್ ಇರಲಿಲ್ಲ. ಮಗ್ಗ ಎಲ್ಲ ನಿಂತಿದ್ದವು, ಕದಿರಮ್ಮ ಊಟಕ್ಕೆ ಹೋಗಿದ್ದಳು, ಶೆಡ್ಡಿನಲ್ಲಿ ನಾನೊಬ್ಬನೇ ಇದ್ದೆ. ಅಳಿಯಂದಿರ ಬಾಯಿ ಆಡ್ತಿತ್ತು. ನಗ್ತಿದ್ದರು. ಒಳ್ಳೇ ವಿಷಯವೇ ಇರಬೇಕು ಅಂತ ಎತ್ತಿದೆ.

ಕಿವಿ ವಿಷಯಕ್ಕೆ ನಿಮ್ಮತ್ತೆ ಹೇಳಿದ್ದು ಸರಿ. ನೀನು ಅಲ್ಲೇ ಇರು. ಪಂದ್ಯ ಗೆದ್ದವನು ನಾನು, ಎಲ್ಲಿ ಅಂತ ಹೇಳೋ ಹಕ್ಕು ನನ್ನದು, ನಂದಗುಡಿ ಅಂತ ಹೇಳ್ತಿದ್ದೀನಿ. ತವರು ನಿನ್ನ ಹತ್ತಿರಕ್ಕೇ ಬಂದಿದೆ, ಈ ಕಾಗದ ಕೊಟ್ಟವಳನ್ನ ನೋಡು. ಬ್ಯಾಗಿನಲ್ಲಿ ಮೇಲೆ ಹಿತಕಿದ ಅವರೆಬೇಳೆ ಇದೆ, ಕೆಳಗೆ ಮೂರು ತಿಂಗಳಿಗಾಗುವಷ್ಟು ಅವಳ ಸೀರೆ. ನನ್ನ ಅಡುಗೆ ನಾನು ಮಾಡಿಕೊಳ್ತೀನಿ, ಉಪ್ಪು ಯಾವುದು ಸಕ್ಕರೆ ಯಾವುದು ಅಂತ ಡಬ್ಬಿ ಮೇಲೆ ಬರೆಸಿಕೊಂಡಿದ್ದೀನಿ.

ಮಗು ಹುಟ್ಟಿದಾಗ ವಿಡಿಯೋ ಕಾಲ್ ಮಾಡು. ಅದು ಬಾಯಿ ತೆಗೆದು ಅಳೋದು ಕಂಡರೆ ಸಾಕು ನನಗೆ.